ಕಡತದ ಕೊನೆಯಕ್ಷರ: ಅಡಗಿಸುವುದೇ, ತೋರಿಸುವುದೇ?

ಗಣಕಯಂತ್ರದಲ್ಲಿ ಕಡತದ ಹೆಸರಿನ ಕೊನೆಗೆ, ಚುಕ್ಕೆಯ ನಂತರ ಬರುವ ಅಕ್ಷರಗಳಿಗೆ ವಿಸ್ತರಣೆ ಎಂದು ಹೆಸರು. ಕಡತವು ಬರಹವೋ, ಚಿತ್ರವೋ ಅಥವಾ ಕಾರ್ಯಾಚರಣೆಗೆ ಇಳಿಯುವ ತಂತ್ರಾಂಶವೋ ಎಂಬುದನ್ನು ಇದು ಸೂಚಿಸುತ್ತದೆ.

ಬಳಕೆದಾರರು ಏನನ್ನೂ ಬದಲಿಸದಿದ್ದಾಗ ಜಾರಿಯಲ್ಲಿರುವ ಏರ್ಪಾಡೇ ಡೀಫಾಲ್ಟ್. ವಿಂಡೋಸ್ 95ರಿಂದ ವಿಂಡೋಸ್ 11ರವರೆಗೆ ಮೈಕ್ರೋಸಾಫ್ಟ್‌ನ ಡೀಫಾಲ್ಟ್, ಪರಿಚಿತ ವಿಸ್ತರಣೆಗಳನ್ನು ಅಡಗಿಸುವುದೇ ಆಗಿದೆ. ಇದರಿಂದ ಹೆಸರುಗಳು ಚೊಕ್ಕಟವಾಗಿ ಕಾಣುತ್ತವೆ. ಹೆಸರು ಬದಲಿಸುವಾಗ ವಿಸ್ತರಣೆ ಅಳಿಸಿಹೋಗುವ ಭಯವೂ ಇಲ್ಲ.

ಈ ಅನುಕೂಲದ ಬೆಲೆ 2000ದ ಮೇ ತಿಂಗಳಲ್ಲಿ ತಿಳಿಯಿತು. ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯು' ಹುಳು, 'ಟಿಎಕ್ಸ್‌ಟಿ.ವಿಬಿಎಸ್' ಎಂದು ಕೊನೆಗೊಳ್ಳುವ ಪ್ರೇಮಪತ್ರದ ರೂಪದಲ್ಲಿ ಇ-ಅಂಚೆಯೊಡನೆ ಬಂದಿತು. ಕೊನೆಯ 'ವಿಬಿಎಸ್' ಅಡಗಿದ್ದರಿಂದ ಅದು ಅನೇಕರಿಗೆ ಸಾಧಾರಣ ಬರಹದಂತೆ ಕಂಡಿತು. ತೆರೆದೊಡನೆ ಅದು ಚಿತ್ರಕಡತಗಳನ್ನು ನಾಶಮಾಡಿ, ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನು ತಾನೇ ರವಾನಿಸಿಕೊಂಡಿತು.

2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಿಂದೀಚೆಗೆ, ಹೆಸರು ಬದಲಿಸುವಾಗ ವಿಸ್ತರಣೆಯನ್ನು ಬಿಟ್ಟು ಉಳಿದ ಭಾಗ ಮಾತ್ರ ಆಯ್ಕೆಯಾಗುತ್ತದೆ. ಹೀಗಾಗಿ ಅಡಗಿಸಲು ಇದ್ದ ಮುಖ್ಯ ಕಾರಣವೇ ದುರ್ಬಲವಾಗಿದೆ, ಅಪಾಯ ಮಾತ್ರ ಉಳಿದಿದೆ. ಬಹುಪಾಲು ಜನರು ಡೀಫಾಲ್ಟ್‌ಗಳನ್ನು ಮುಟ್ಟುವುದೇ ಇಲ್ಲವಾದ್ದರಿಂದ, ಅಚ್ಚುಕಟ್ಟುತನಕ್ಕಿಂತ ಸುರಕ್ಷತೆಯನ್ನು ಆರಿಸುವುದೇ ವಿವೇಕ.

ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ 'ವ್ಯೂ', ಅನಂತರ 'ಶೋ' ಒತ್ತಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆಯ್ದುಕೊಂಡರೆ ಕಡತಗಳ ಪೂರ್ಣ ಹೆಸರು ಕಾಣುತ್ತದೆ.