ಸುಟ್ಟ ಸ್ಮೃತಿ, ಉಳಿಸುವ ಸ್ಮೃತಿ

ನಮ್ಮ ಬಾಳೆಹೊಸೂರಿನ ಕಡೆ ಯಾರಾದರೂ ತಾವಾಗಿ ಜೀವ ಕಳಕೊಂಡರೆ ಮೂರು ದಿನ ಊರೆಲ್ಲ ಮಾತಾಡುತ್ತದೆ. ಆಮೇಲೆ 'ಹೇಡಿ' ಅಂತ ಒಂದು ಶಬ್ದ ಅಂದು ಸುಮ್ಮನಾಗುತ್ತದೆ. ಈ ಶಬ್ದದ ಹಿಂದೆ ಕಾನೂನೂ ಇತ್ತು. ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯ 309ನೇ ಕಲಮು, ಸಾಯಲು ಹೋಗಿ ಉಳಿದವರನ್ನು ಅಪರಾಧಿಗಳೆಂದಿತು. ಬಡ್ಡಿ ಹಿಂಡಿದವನ ಮೇಲಿಲ್ಲ, ಜಾತಿ ಎತ್ತಿ ಬೈದವನ ಮೇಲಿಲ್ಲ, ನೊಂದವರ ಮ್ಯಾಲೇ ಕೇಸು! ಇವರು ತೀವ್ರ ಒತ್ತಡದಲ್ಲಿದ್ದವರು, ಇವರ ಆರೈಕೆ ಸರ್ಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿತು. ಇಷ್ಟು ಹೇಳಲಿಕ್ಕೆ 157 ವರ್ಷ ಬೇಕಾತು. ಅದಕ್ಕೂ ಒಂದು ವರ್ಷ ಮೊದಲು, 2016ರ ಜನವರಿ 17ರಂದು, ಹೈದರಾಬಾದಿನಲ್ಲಿ ನಾವು ರೋಹಿತ್ ವೇಮುಲನನ್ನು ಕಳಕೊಂಡಿದ್ದೆವು.

ಸ್ಮೃತಿ ಅಂದರೆ ನಮಗೆ ಗೊತ್ತಿದ್ದದ್ದು ಒಂದೇ. ಅದನ್ನು ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟರು. ಆದರೆ 1956ರಲ್ಲಿ ನಾಗಪುರದಲ್ಲಿ ಅವರು ಹಿಡಿದ ಬುದ್ಧನ ದಾರಿಯಲ್ಲಿ ಇನ್ನೊಂದು ಸ್ಮೃತಿಯಿದೆ, ಸಮ್ಯಕ್ ಸ್ಮೃತಿ. ಉಸಿರನ್ನು, ನೋವನ್ನು, ಏಳುವ ವಿಚಾರವನ್ನು ಇದ್ದ ಹಾಗೆ ಕಾಣುವುದು. 'ನಾ ಕೆಲಸಕ್ಕೆ ಬಾರದವ' ಎಂಬುದು ಬಂದು ಹೋಗುವ ವಿಚಾರ, ಸತ್ಯವಲ್ಲ. ಅದನ್ನು ನಮ್ಮ ತಲೆಯೊಳಗೆ ಬಿತ್ತಿದವರು ಯಾರೆಂದು ನಮಗೆ ಗೊತ್ತು. 2002ರಲ್ಲಿ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮನಶ್ಶಾಸ್ತ್ರಜ್ಞರು ಈ ಅರಿವನ್ನೇ ಖಿನ್ನತೆ ಮರುಕಳಿಸದಂತೆ ತಡೆಯುವ ಚಿಕಿತ್ಸೆಯಾಗಿ ಪುಸ್ತಕ ಮಾಡಿದರು.

ಕತ್ತಲು ಕವಿದ ಗಳಿಗೆಯಲ್ಲಿ ಇದೊಂದೇ ಸಾಲದು. ಅದಕ್ಕೆ ಅಮೆರಿಕದ ಸ್ಟ್ಯಾನ್ಲಿ, ಬ್ರೌನ್ ಒಂದು ಹಾಳೆ ಕೊಟ್ಟರು. ಮನಸ್ಸು ಕುಸಿಯುವ ಗುರುತು ಯಾವುವು, ಆಗ ತಾನೇ ಏನು ಮಾಡಿಕೊಳ್ಳಬಹುದು, ಯಾರ ಹತ್ತಿರ ಹೋಗಿ ಕೂಡ್ರಬಹುದು, ಯಾರ ಮುಂದೆ ಬಾಯಿಬಿಡಬಹುದು, ಯಾವ ಡಾಕ್ಟರು, ಅಪಾಯದ ವಸ್ತುವನ್ನು ಮನೆಯಿಂದ ದೂರ ಇಡುವವರು ಯಾರು. ಇಷ್ಟನ್ನು ನೊಂದವರೇ ತಮ್ಮ ಮಾತಿನಲ್ಲಿ ಬರೆಯಬೇಕು. ಅಕ್ಷರ ಬಾರದ ಅವ್ವನಿಗೆ ಓದಿದ ಮಗಳು ಬರೆದುಕೊಡಲಿ. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಈ ಹಾಳೆ ಬರೆಸಿ, ಮನೆಗೆ ಹೋದ ಮೇಲೂ ಫೋನಿನಲ್ಲಿ ವಿಚಾರಿಸುತ್ತಿದ್ದರು. ಮಾಮೂಲು ಚಿಕಿತ್ಸೆ ಪಡೆದವರಿಗಿಂತ ಇವರಲ್ಲಿ ಆರು ತಿಂಗಳಲ್ಲಿ ಇಂಥ ಯತ್ನಗಳು ಶೇ. 45ರಷ್ಟು ಕಡಿಮೆ ಇದ್ದವೆಂದು 2018ರ ಅಧ್ಯಯನ ತೋರಿಸಿತು.

ಇದೆಲ್ಲ ಹಳ್ಳಿಗೆ ಎಲ್ಲಿಯದು ಅನ್ನಬೇಡಿ. ನಮಗೆ ದೂರವಲ್ಲದ ಬಳ್ಳಾರಿಯಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗದ ಚಿಕಿತ್ಸೆ ಕಲಿಸಿ ತೋರಿಸಿದರು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು. 2022ರಿಂದ ಟೆಲಿ-ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು, ಖರ್ಚಿಲ್ಲ.

ಗೆಳೆಯರೇ, ಮಾಸ್ತರರೇ, ಹುಡುಗ ಮಂಕಾಗಿದ್ದರೆ 'ತಮ್ಮಾ, ಸಾಯೂ ವಿಚಾರ ಬರತೈತೇನು?' ಅಂತ ನೇರ ಕೇಳಿರಿ. ಕೇಳಿದ್ದಕ್ಕೆ ಆ ವಿಚಾರ ಹುಟ್ಟೂದಿಲ್ಲ, ಎದಿಭಾರ ಇಳೀತೈತಿ. ಸಾಲದ, ಕೂಲಿಯ, ಜಾತಿಯ ಜಗಳ ನಾವು ಬಿಡುವುದಿಲ್ಲ. ಜಗಳಕ್ಕೆ ನಮ್ಮವರು ಬದುಕಿರಬೇಕು.