ದನದ ಆಸ್ಪತ್ರೆಗೆ ಬಂದ ಮುದಿ ಬೆಕ್ಕು

ಪಶುವೈದ್ಯಾಲಯಕ್ಕೆ ನಮ್ಮ ಜನ ಕೊಟ್ಟಿರುವ ಹೆಸರು ದನದ ಆಸ್ಪತ್ರೆ. ಬೋರ್ಡಿನ ಮೇಲೆ ಸರ್ಕಾರ ಏನೇ ಬರೆಸಿರಲಿ, ಆಟೋದವರಿಗೆ ದಾರಿ ಹೇಳುವಾಗ ಬಾಯಿಗೆ ಬರುವುದು ಅದೇ. ಅಲ್ಲಿ ಕೂತವರು ದನದ ಡಾಕ್ಟರು. ಜಾಲಹಳ್ಳಿಯಿಂದ ಒಂದು ಮುದಿ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊರಟರೂ ನಾವು ಹೋಗುವುದು ದನದ ಆಸ್ಪತ್ರೆಗೇ. ಇದನ್ನು ತಮಾಷೆ ಎಂದು ಬಿಟ್ಟುಬಿಡಬಹುದು. ಆದರೆ ನಮ್ಮಲ್ಲಿ ಪ್ರಾಣಿವೈದ್ಯ ಯಾರಿಗಾಗಿ ಹುಟ್ಟಿತು, ಯಾರು ಅದರ ಲೆಕ್ಕಕ್ಕೇ ಬರಲಿಲ್ಲ ಎನ್ನುವುದು ಆ ಎರಡು ಪದಗಳಲ್ಲಿ ಸ್ಪಷ್ಟವಾಗಿಯೇ ಇದೆ.

ಕನ್ನಡದಲ್ಲಿ ಪ್ರಾಣಿವೈದ್ಯದ ಬರವಣಿಗೆ ಹೊಸದೇನಲ್ಲ. ಹನ್ನೆರಡನೇ ಶತಮಾನದ ಆರಂಭದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಮದ್ದು, ಮಂತ್ರ ಎರಡೂ ಬೆರೆತ ಗ್ರಂಥ ಅದು. ವಿಜಯನಗರದ ಕಾಲಕ್ಕೆ ಅಭಿನವಚಂದ್ರ ಕುದುರೆಗಳ ವೈದ್ಯವನ್ನು ಬರೆದ. ಸಂಸ್ಕೃತದಲ್ಲಿ ಆನೆಗೆ ಪಾಲಕಾಪ್ಯ, ಕುದುರೆಗೆ ಶಾಲಿಹೋತ್ರ ಇದ್ದೇ ಇದ್ದರು. ಹಸು ಸಂಪತ್ತು, ಕುದುರೆ ಮತ್ತು ಆನೆ ಸೈನ್ಯ. ಅರಮನೆಯ ಬೊಕ್ಕಸಕ್ಕೆ ಯಾವ ಪ್ರಾಣಿಯ ಸಾವು ನಷ್ಟ ತರುತ್ತಿತ್ತೋ ಆ ಪ್ರಾಣಿಗೆ ಗ್ರಂಥ ಸಿಕ್ಕಿತು. ಮೈಸೂರಿನ ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಮಾಡಿದರು, ಟಿಪ್ಪು ಅದನ್ನೇ ಅಮೃತಮಹಲ್ ಎಂದು ಕರೆದ. ಕುಣಿಗಲ್ಲಿನಲ್ಲಿ ಕುದುರೆ ಫಾರಂ ಆಯಿತು. ಈ ಸಾಲಿನಲ್ಲಿ ಬೆಕ್ಕಿನ ಹೆಸರು ಎಲ್ಲಿಯೂ ಇಲ್ಲ. ‘ಮಾರ್ಜಾಲವೈದ್ಯ’ ಎಂಬ ಒಂದು ಹಳಗನ್ನಡ ಓಲೆಗರಿ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನಾನು ಆಸೆಪಟ್ಟಿದ್ದುಂಟು.

ಬೆಕ್ಕು ಸಿಗುವುದು ಗಾದೆಗಳಲ್ಲಿ, ಕಥೆಗಳಲ್ಲಿ. ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳ ಬೆಕ್ಕು, ಚೆಲ್ಲಾಟದ ಬೆಕ್ಕು, ದಾರಿಗೆ ಅಡ್ಡ ಬಂದ ಬೆಕ್ಕು. ತೆನಾಲಿ ರಾಮಕೃಷ್ಣನ ಕಥೆ ಎಲ್ಲರಿಗೂ ಗೊತ್ತು. ಇಲಿಕಾಟಕ್ಕೆಂದು ರಾಜ ಮನೆಗೊಂದು ಬೆಕ್ಕು, ಅದರ ಹಾಲಿಗೊಂದು ಹಸು ಕೊಟ್ಟ. ರಾಮಕೃಷ್ಣ ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟ. ಆಮೇಲೆ ಅದು ಹಾಲು ಕಂಡರೆ ಓಡುತ್ತಿತ್ತು, ಹಾಲೆಲ್ಲ ಅವನ ಮನೆಯವರಿಗೆ. ಚಿಕ್ಕಂದಿನಲ್ಲಿ ನಕ್ಕ ಕಥೆ. ಈಗ ಓದಿದರೆ ಅದರ ಹಿಂದಿನ ತಿಳುವಳಿಕೆ ಎದ್ದು ಕಾಣುತ್ತದೆ: ಬೆಕ್ಕು ಇರುವುದು ಇಲಿ ಹಿಡಿಯಲಿಕ್ಕೆ, ಅದರ ಕೂಲಿ ಹಾಲು. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಕ್ಕೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಹಾಲು ಬಿಟ್ಟ ಆ ಬೆಕ್ಕು ಬಾಯಿ ಸುಟ್ಟುಕೊಂಡರೂ ಹೊಟ್ಟೆ ಉಳಿಸಿಕೊಂಡಿತು ಎನ್ನಬೇಕು.

ಇಪ್ಪತ್ತನೇ ಶತಮಾನದಲ್ಲಿ ಬೆಂಗಳೂರು ಪ್ರಾಣಿವೈದ್ಯದ ದೊಡ್ಡ ಊರಾಯಿತು. 1923ರಲ್ಲಿ ಇಲ್ಲಿ ಇಂಪೀರಿಯಲ್ ಡೈರಿ ಸಂಸ್ಥೆ ಬಂತು. 1927ರಲ್ಲಿ ವಿಶ್ರಾಂತಿಗೆಂದು ಬಂದಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಹಸು ಸಾಕುವ ವಿದ್ಯೆ ತಿಳಿದುಕೊಂಡರು. ದನಗಳ ದೊಡ್ಡರೋಗಕ್ಕೆ ಹೆಬ್ಬಾಳದಲ್ಲಿ ಸೀರಂ ತಯಾರಾಗತೊಡಗಿತು. 1958ರಲ್ಲಿ ಹೆಬ್ಬಾಳದಲ್ಲೇ ಪಶುವೈದ್ಯಕೀಯ ಕಾಲೇಜು ಶುರುವಾಯಿತು. ಒಂದು ಊರಿಗೆ ಊರೇ ಕೊಟ್ಟಿಗೆ ಖಾಲಿ ಮಾಡಿಕೊಳ್ಳುತ್ತಿದ್ದ ಆ ರೋಗ 2011ರಲ್ಲಿ ಇಡೀ ಭೂಮಿಯಿಂದ ಹೋಯಿತೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ನಿರ್ಮೂಲ ಮಾಡಿದ ಎರಡನೇ ರೋಗ ಅದು. ದನದ ಡಾಕ್ಟರು ಎಂಬ ಮಾತನ್ನು ಹಗುರವಾಗಿ ಆಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಹಾಗಿದ್ದೂ ಆ ವಿದ್ಯೆಯ ಗಮನವೆಲ್ಲ ಕೊಟ್ಟಿಗೆಯ ಮೇಲಿತ್ತು, ಒಲೆಯ ಪಕ್ಕ ಮಲಗಿದ್ದ ಪ್ರಾಣಿಯ ಮೇಲಿರಲಿಲ್ಲ.

ಹೆಬ್ಬಾಳಕ್ಕೆ ಬಹಳ ದೂರವಿಲ್ಲದ ಜಾಲಹಳ್ಳಿ ಆಗ ಬೇರೆಯದೇ ಊರಾಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರ, ಸೇನೆಯ ಆಸ್ಪತ್ರೆ ಇದ್ದವು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದ ವಾಚ್ ಕಾರ್ಖಾನೆ. ಆಮೇಲೆ ಪಕ್ಕದಲ್ಲೇ ಪೀಣ್ಯ. ನಾನು ಬೆಳೆದದ್ದು ಇಂಥ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಕ್ಯಾಂಟೀನು, ಗೋಡೌನು, ಸ್ಕ್ರ್ಯಾಪ್ ಯಾರ್ಡು ಇದ್ದಲ್ಲಿ ಇಲಿ. ಇಲಿ ಇದ್ದಲ್ಲಿ ಬೆಕ್ಕು. ಶಿಫ್ಟಿನ ಸೈರನ್ನಿಗೆ ಸರಿಯಾಗಿ ಕ್ಯಾಂಟೀನಿನ ಹಿಂಬಾಗಿಲಿಗೆ ಹಾಜರಾಗುತ್ತಿದ್ದ ಬೆಕ್ಕುಗಳ ಕಥೆಯನ್ನು ಅಪ್ಪ ಹೇಳುತ್ತಿದ್ದರು. ನಮ್ಮ ಹಿತ್ತಲಿನ ಬೆಕ್ಕಿಗೆ ಅಮ್ಮ ದಿನಾ ಒಂದು ಮುಷ್ಟಿ ಮೊಸರನ್ನ ಹಾಕುತ್ತಿದ್ದರು.

ಆ ಬೆಕ್ಕುಗಳು ಸತ್ತದ್ದನ್ನು ನಾವು ಕಂಡದ್ದು ಅಪರೂಪ. ಅವು ಕಾಣೆಯಾಗುತ್ತಿದ್ದವು. ‘ನಾಲ್ಕು ದಿನದಿಂದ ಬೆಕ್ಕು ಬಂದಿಲ್ಲ’ ಅನ್ನುತ್ತಿದ್ದರು ಅಮ್ಮ, ಐದನೇ ದಿನ ಇನ್ನೊಂದು ಬರುತ್ತಿತ್ತು. ಬೆಕ್ಕು ಸಾವು ಬಂದಾಗ ಮನೆಯವರಿಗೆ ತೋರಿಸಬಾರದೆಂದು ದೂರ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಪಶುವೈದ್ಯರು ಹೇಳುವುದು ಇದಕ್ಕಿಂತ ಸರಳ: ಬೆಕ್ಕು ತಾನು ಬೇಟೆಗಾರನಾದರೂ ತನಗಿಂತ ದೊಡ್ಡದಕ್ಕೆ ಬೇಟೆ, ಆದ್ದರಿಂದ ನೋವಾದಾಗ ಮರೆಗೆ ಸೇರುತ್ತದೆ. ಮರೆಗೆ ಸೇರಿದ ರೋಗಿಯ ರೋಗಕ್ಕೆ ಹೆಸರಿಡುವವರು ಯಾರು? ಬೆಕ್ಕಿನ ಹೊಟ್ಟೆಯ ಕಾಯಿಲೆಗಳ ಇತಿಹಾಸ ಬರೆಯಲು ನಮಗೆ ಸಿಗುವ ಹಳೆಯ ದಾಖಲೆ ಎಂದರೆ ಈ ಕಾಣೆಯಾಗುವಿಕೆ ಮಾತ್ರ.

ಮುದಿ ಬೆಕ್ಕು ಎನ್ನುವುದೇ ಹೊಸ ಪ್ರಾಣಿ. ವಾಚ್ ಕಾರ್ಖಾನೆ 2016ರಲ್ಲಿ ಮುಚ್ಚುವ ಹೊತ್ತಿಗೆ ಜಾಲಹಳ್ಳಿಯ ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಬಾಲ್ಕನಿಗೆ ಬಲೆ ಬಂತು. ಬೀದಿನಾಯಿ, ಬಸ್ಸು, ಪಕ್ಕದ ಗಂಡುಬೆಕ್ಕು ಯಾವುದೂ ಮೂರನೇ ಮಹಡಿಗೆ ಬರುವುದಿಲ್ಲ. ಲಸಿಕೆಯೂ ಸಿಗುತ್ತದೆ. ನಮ್ಮ ಮನೆಯ ಚಿನ್ನಿಗೆ ಈಗ ಹದಿನಾಲ್ಕು. ಅಮ್ಮ ಸಾಕಿದ ಯಾವ ಬೆಕ್ಕೂ ಇದರ ಅರ್ಧ ಆಯಸ್ಸು ಕಂಡಿರಲಿಲ್ಲ. ಬಾಗಿಲು ಮುಚ್ಚಿದ ಮನೆಯಲ್ಲಿ ಕಾಣೆಯಾಗಲು ಜಾಗವಿಲ್ಲ. ಚಿನ್ನಿ ಹೋಗಿ ಸೇರಿಕೊಂಡದ್ದು ವಾಷಿಂಗ್ ಮಷೀನಿನ ಹಿಂದೆ. ಎರಡು ಹೊತ್ತು ಊಟ ಮುಟ್ಟಲಿಲ್ಲ, ಒಮ್ಮೆ ಮಾತ್ರ ವಾಂತಿ ಮಾಡಿತು. ಅಷ್ಟೇ. ಪರೀಕ್ಷೆಗಳಾದ ಮೇಲೆ ವೈದ್ಯೆ ಹೇಳಿದ ಹೆಸರು ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ.

ಜಠರದ ಪಕ್ಕದಲ್ಲಿ ಅಡಗಿರುವ ಈ ಗ್ರಂಥಿಗೆ ಎರಡು ಕೆಲಸ. ಸಕ್ಕರೆಯನ್ನು ಹದ್ದಿನಲ್ಲಿಡುವ ಇನ್ಸುಲಿನ್ ಮಾಡುವುದು ಒಂದು, ಕೊಬ್ಬು ಮತ್ತು ಮಾಂಸವನ್ನು ಕರಗಿಸುವ ರಸಗಳನ್ನು ಕರುಳಿಗೆ ಬಿಡುವುದು ಇನ್ನೊಂದು. ಆ ರಸ ಕರುಳಿಗೆ ಹೋಗುವ ಮೊದಲೇ ಚುರುಕಾದರೆ ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಮನುಷ್ಯರಲ್ಲಿ ಈ ಕಾಯಿಲೆಯ ಸ್ಪಷ್ಟ ಚಿತ್ರ ಕೊಟ್ಟವನು ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್, 1889ರಲ್ಲಿ. ಅದೇ ವರ್ಷ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಒಂದು ನಾಯಿಯ ಮೇದೋಜೀರಕ ಗ್ರಂಥಿ ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಹುಡುಕಿದ್ದೂ ನಾಯಿಗಳ ಮೇಲಿನ ಪ್ರಯೋಗದಿಂದ. ಪ್ರಯೋಗಶಾಲೆಯ ಪ್ರಾಣಿ ನಾಯಿ. ಹಾಗಾಗಿ ಈ ಗ್ರಂಥಿಯ ಬಗ್ಗೆ ವೈದ್ಯರು ಕಲಿತದ್ದರಲ್ಲಿ ಬಹುಪಾಲು ನಾಯಿಯ ಪಾಠ. ಹಬ್ಬದ ಮರುದಿನ ಕೊಬ್ಬು ತಿಂದು ಸತತ ವಾಂತಿ ಮಾಡಿಕೊಂಡು, ಹೊಟ್ಟೆ ನೋವಿನಿಂದ ಮುಂಗಾಲು ಚಾಚಿ ಬೆನ್ನು ಎತ್ತಿ ನಿಲ್ಲುವ ನಾಯಿ ಪಠ್ಯಪುಸ್ತಕದ ರೋಗಿ.

ಬೆಕ್ಕು ಆ ಪಠ್ಯಪುಸ್ತಕವನ್ನು ಓದಿಲ್ಲ. ಅದು ಊಟ ಬಿಡುತ್ತದೆ, ಮಂಕಾಗುತ್ತದೆ, ಮೈ ಇಳಿಯುತ್ತದೆ. ವಾಂತಿ ಎಷ್ಟೋ ಬೆಕ್ಕುಗಳಲ್ಲಿ ಇರುವುದೇ ಇಲ್ಲ. ನಾಯಿ, ಮನುಷ್ಯರಿಗೆ ಮಾಡುತ್ತಿದ್ದ ಹಳೆಯ ರಕ್ತಪರೀಕ್ಷೆಗಳು ಬೆಕ್ಕಿಗೆ ಉಪಯೋಗಕ್ಕೆ ಬರಲಿಲ್ಲ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಪ್ರಯೋಗಾಲಯದವರು ಬೆಕ್ಕಿನ ಮೇದೋಜೀರಕ ಗ್ರಂಥಿಯದೇ ಲೈಪೇಸನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಯನ್ನು ಪ್ರಕಟಿಸಿದ್ದು 2004ರಲ್ಲಿ. 2007ರಲ್ಲಿ ಇನ್ನೊಂದು ಅಧ್ಯಯನ ಬಂತು. ಸತ್ತ 115 ಬೆಕ್ಕುಗಳ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶೇಕಡಾ 67ರಲ್ಲಿ ಉರಿಯೂತದ ಗುರುತು. ಬದುಕಿದ್ದಾಗ ಆರೋಗ್ಯವಾಗಿದ್ದವು ಎಂದುಕೊಂಡಿದ್ದ ಬೆಕ್ಕುಗಳಲ್ಲೂ ಶೇಕಡಾ 45. ಗುರುತು ಇದ್ದ ಬೆಕ್ಕೆಲ್ಲ ನರಳುತ್ತಿತ್ತು ಎಂದು ಇದರ ಅರ್ಥವಲ್ಲ. ಅಪರೂಪದ ರೋಗ ಎಂಬ ಮಾತು ಮಾತ್ರ ಅಲ್ಲಿಗೆ ಮುಗಿಯಿತು. ಈಗಲೂ ಒಂದೇ ಪರೀಕ್ಷೆಯಿಂದ ತೀರ್ಮಾನ ಆಗುವುದಿಲ್ಲ. ರಕ್ತದ ವರದಿ, ಸ್ಕ್ಯಾನಿಂಗ್, ಬೆಕ್ಕಿನ ನಡವಳಿಕೆ ಮೂರನ್ನೂ ಇಟ್ಟುಕೊಂಡು ವೈದ್ಯರು ಊಹಿಸಬೇಕಾಗುತ್ತದೆ.

ಬೆಕ್ಕಿನ ದೇಹರಚನೆಯಲ್ಲೇ ಒಂದು ತೊಡಕಿದೆ. ಬಹುತೇಕ ಬೆಕ್ಕುಗಳಲ್ಲಿ ಮೇದೋಜೀರಕದ ನಾಳ ಕರುಳನ್ನು ಸೇರುವ ಮೊದಲು ಪಿತ್ತನಾಳವನ್ನು ಸೇರುತ್ತದೆ. ನಮ್ಮ ಕಡೆಯ ರಾಜಕಾಲುವೆಯನ್ನು ನೆನೆಸಿಕೊಳ್ಳಿ. ಎರಡು ಬಡಾವಣೆಯ ನೀರು ಒಂದೇ ಮೋರಿಯಲ್ಲಿ ಇಳಿದರೆ, ಮಳೆಗಾಲದಲ್ಲಿ ಒಂದು ಕಡೆ ಕಟ್ಟಿಕೊಂಡದ್ದು ಎರಡೂ ಕಡೆ ಉಕ್ಕುತ್ತದೆ. ಕರುಳು, ಪಿತ್ತಜನಕಾಂಗ, ಮೇದೋಜೀರಕ ಮೂರೂ ಒಟ್ಟಿಗೆ ಕೆಡುವುದನ್ನು ಕಂಡು 1990ರ ದಶಕದಲ್ಲಿ ವೈದ್ಯರು ‘ಟ್ರಯಡೈಟಿಸ್’ ಎಂಬ ಪದ ಬಳಕೆಗೆ ತಂದರು. ಮುದಿ ಬೆಕ್ಕು ತೂಕ ಕಳೆದುಕೊಳ್ಳಲು ಇನ್ನೂ ಕಾರಣಗಳಿವೆ: ಥೈರಾಯ್ಡ್, ಮೂತ್ರಪಿಂಡ, ಸಕ್ಕರೆ ಕಾಯಿಲೆ, ಕರುಳಿನ ಕ್ಯಾನ್ಸರ್. ಚೆನ್ನಾಗಿ ತಿನ್ನುತ್ತಲೇ ಸೊರಗುವ ಬೆಕ್ಕನ್ನು ‘ವಯಸ್ಸಾಯಿತಲ್ಲ’ ಎಂದು ಸುಮ್ಮನೆ ಬಿಡುವಂತಿಲ್ಲ.

ಚಿನ್ನಿ ಊಟ ಬಿಟ್ಟ ದಿನ ಅಮ್ಮ ಹೇಳಿದ್ದು, ‘ಒಂದೆರಡು ದಿನ ಹೊಟ್ಟೆ ಖಾಲಿ ಬಿಡೇ, ಲಂಘನಂ ಪರಮೌಷಧಂ.’ ಇದನ್ನು ಅಜ್ಜಿಮದ್ದು ಎಂದು ನಗುವ ಹಾಗಿಲ್ಲ. ತೀರಾ ಇತ್ತೀಚಿನವರೆಗೆ ದೊಡ್ಡ ಆಸ್ಪತ್ರೆಗಳಲ್ಲೂ ಈ ಕಾಯಿಲೆಗೆ ಮೊದಲ ಚಿಕಿತ್ಸೆ ಉಪವಾಸವೇ ಆಗಿತ್ತು, ಮನುಷ್ಯರಿಗೂ ಪ್ರಾಣಿಗಳಿಗೂ. ಗ್ರಂಥಿಗೆ ವಿಶ್ರಾಂತಿ ಸಿಗಲಿ ಎಂಬ ಲೆಕ್ಕ. ಅಮ್ಮ ಮತ್ತು ಆ ಕಾಲದ ಪ್ರೊಫೆಸರುಗಳು ಒಂದೇ ಮಾತು ಹೇಳುತ್ತಿದ್ದರು. ಆ ಮಾತು ಬದಲಾದದ್ದು ಖಾಲಿ ಕರುಳೇ ಹೆಚ್ಚು ಹಾನಿ ಮಾಡುತ್ತದೆ ಎಂದು ತಿಳಿದ ಮೇಲೆ. ಬೆಕ್ಕಿಗಂತೂ ಉಪವಾಸ ವಿಷ. ಕೆಲವೇ ದಿನ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಮೈಯ ಕೊಬ್ಬು ಕರಗಿ ಪಿತ್ತಜನಕಾಂಗದಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ಕಣ್ಣು, ಕಿವಿ ಹಳದಿಯಾಗುತ್ತವೆ. ಹಾಗಾಗಿ ಈಗ ಮೊದಲು ವಾಂತಿ ಮತ್ತು ನೋವು ನಿಲ್ಲಿಸುತ್ತಾರೆ, ಡ್ರಿಪ್ ಕೊಡುತ್ತಾರೆ, ಹೇಗಾದರೂ ಮಾಡಿ ತಿನ್ನಿಸುತ್ತಾರೆ. ಬಾಯಿಂದ ಆಗದಿದ್ದರೆ ಮೂಗಿನ ಅಥವಾ ಕತ್ತಿನ ಟ್ಯೂಬಿನಿಂದ. ಚಿನ್ನಿ ಒಂದು ವಾರ ಮೂಗಿನ ಟ್ಯೂಬಿನಲ್ಲಿ ಉಂಡಿತು. ಬಿ12 ಕಡಿಮೆಯಾಗಿದ್ದರಿಂದ ಅದಕ್ಕೆ ಇಂಜೆಕ್ಷನ್ ಬೇರೆ. ಕಾಯಿಲೆ ಪೂರ್ತಿ ಹೋಗಿಲ್ಲ. ತಿಂಗಳೊಪ್ಪತ್ತಿಗೆ ಒಮ್ಮೆ ಮಂಕು ಕವಿಯುತ್ತದೆ, ಮತ್ತೆ ಏಳುತ್ತದೆ.

ಮನೆಯ ಔಷಧಿ ಡಬ್ಬಿಗೆ ಕೈ ಹಾಕುವ ಅಭ್ಯಾಸ ನಮ್ಮಲ್ಲಿದೆ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ನಿರಪಾಯ ಮಾಡುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ.

ಮೊಸರನ್ನದ ಪ್ರಶ್ನೆ ಉಳಿಯಿತು. ಬೆಕ್ಕು ಮಾಂಸವಿಲ್ಲದೆ ಬದುಕುವ ಪ್ರಾಣಿಯಲ್ಲ. ಟಾರಿನ್ ಎಂಬ ಅಂಶ ಅದಕ್ಕೆ ಮಾಂಸದಿಂದಲೇ ಸಿಗಬೇಕು. ಅದಿಲ್ಲದೆ ಕಣ್ಣಿನ ಪರದೆ ಹಾಳಾಗುತ್ತದೆ ಎಂದು 1975ರಲ್ಲಿ, ಹೃದಯ ಸೋಲುತ್ತದೆ ಎಂದು 1987ರಲ್ಲಿ ತಿಳಿಯಿತು. ಹಾಗಾದರೆ ಅಮ್ಮನ ಬೆಕ್ಕುಗಳು ಮೊಸರನ್ನದಲ್ಲಿ ಹೇಗೆ ಬದುಕಿದವು? ಅವು ಮೊಸರನ್ನದಲ್ಲಿ ಬದುಕಲೇ ಇಲ್ಲ ಎಂಬುದು ನನ್ನ ಊಹೆ. ಕಾರ್ಖಾನೆಯ ಗೋಡೌನಿನ ಇಲಿ, ಹಿತ್ತಲಿನ ಓತಿಕ್ಯಾತ, ಪಕ್ಕದ ಕ್ವಾರ್ಟರ್ಸಿನ ಮೀನಿನ ತಲೆ ಅವುಗಳ ನಿಜವಾದ ಊಟ. ಶುದ್ಧ ಸಸ್ಯಾಹಾರಿ ಮನೆಯಲ್ಲಿ ಬೆಕ್ಕೂ ಸಸ್ಯಾಹಾರಿ ಎಂದು ನಾವು ಹೆಮ್ಮೆಪಡುತ್ತಿದ್ದೆವು, ಅದು ರಾತ್ರಿ ಪಾಳಿಯಲ್ಲಿ ತನ್ನ ಕೆಲಸ ನೋಡಿಕೊಳ್ಳುತ್ತಿತ್ತು. ಮೂರನೇ ಮಹಡಿಯ ಬೆಕ್ಕಿಗೆ ಆ ಪಾಳಿ ಇಲ್ಲ. ತಟ್ಟೆಯಲ್ಲಿರುವುದಷ್ಟೇ ಅದರ ಪ್ರಪಂಚ. ಈಗ ನಮ್ಮ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಬೆಕ್ಕಿನ ಮಾಂಸದ ಡಬ್ಬಿ ಇದೆ. ಅಮ್ಮ ಆ ಅರೆಯನ್ನು ಮುಟ್ಟುವುದಿಲ್ಲ. ಆದರೆ ನಾನು ಊರಿಗೆ ಹೋದ ದಿನ ಚಿಮಟದಲ್ಲಿ ಡಬ್ಬಿ ಹಿಡಿದು ಬಡಿಸುತ್ತಾರೆ.

ನಮ್ಮ ಕೆಳಗಿನ ಮನೆಯ ಹಿರಿಯರು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ಅವರಿಗೂ ಒಂದು ಹನ್ನೆರಡು ವರ್ಷದ ಗಂಡುಬೆಕ್ಕಿದೆ. ಪ್ರತಿ ತಿಂಗಳ ಮೊದಲ ಭಾನುವಾರ ತಕ್ಕಡಿಯ ಮೇಲೆ ಬೆಕ್ಕಿನ ಬುಟ್ಟಿ ಇಟ್ಟು, ಬುಟ್ಟಿಯ ತೂಕ ಕಳೆದು, ಹಳೆಯ ರೂಲ್ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಊಟ, ವಾಂತಿ, ಭೇದಿಗೆ ಬೇರೆ ಬೇರೆ ಕಾಲಂ. ಈಚೆಗೆ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಪುಟ ತೋರಿಸಿದರು. ನಾಲ್ಕು ಕಿಲೋ ಇದ್ದದ್ದು ಮೂರು ತಿಂಗಳಲ್ಲಿ ಮೂರು ಕಿಲೋ ಆರುನೂರು.

‘ನಾನೂರು ಗ್ರಾಂ ತಾನೇ ಅಂತ ಮನೇಲಿ ಅಂತಾರಮ್ಮ. ಹತ್ತು ಪರ್ಸೆಂಟ್ ಅಲ್ವಾ? ನಾನು ಮೂರು ತಿಂಗಳಲ್ಲಿ ಆರೇಳು ಕಿಲೋ ಇಳಿದಿದ್ರೆ ನೀವೆಲ್ಲ ಸುಮ್ನೆ ಇರ್ತಿದ್ರಾ?’

‘ಇಲ್ಲ ಅಂಕಲ್. ಯಾವಾಗ ಹೋಗ್ತೀರಿ?’

‘ನಾಳೆ ಬೆಳಿಗ್ಗೆ. ನಿನ್ನ ಬುಟ್ಟಿ ಸ್ವಲ್ಪ ಕೊಡು, ನಮ್ಮದರ ಬಾಗಿಲು ಕಿತ್ತುಹೋಗಿದೆ.’