ಐವತ್ತು ಮಿಲಿಸೆಕೆಂಡಿನ ಬದಲಿ ದಾರಿ

ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರದ ಮೇಲೆ ಹಾದುಹೋಗುವ ಹಸಿರು ಮಾರ್ಗದ ಮೆಟ್ರೊ ಯಲಚೇನಹಳ್ಳಿಯವರೆಗೆ ಓಡತೊಡಗಿದ್ದು 2017ರ ಜೂನ್‌ನಲ್ಲಿ. ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ, ಬಿಟಿಎಂ ಲೇಔಟ್ ದಾಟಿ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ. ಅದಕ್ಕಾಗಿ ಜಯದೇವ ಮೇಲ್ಸೇತುವೆಯನ್ನೇ 2020ರಲ್ಲಿ ಕೆಡವಬೇಕಾಯಿತು. ಇಷ್ಟು ವರ್ಷಗಳ ಅಗೆತದಲ್ಲಿ, ಜಲಮಂಡಳಿಯ ಪೈಪು ಮತ್ತು ಬೆಸ್ಕಾಂ ಕೇಬಲ್ಲಿನ ಪಕ್ಕದಲ್ಲೇ ಮಲಗಿರುವ ಫೈಬರ್ ಜೆಸಿಬಿಯ ಹಲ್ಲಿಗೆ ಸಿಗುವುದು ಈ ಭಾಗದವರಿಗೆಲ್ಲ ಗೊತ್ತಿರುವ ಸಂಗತಿ. ಹಾಗೆ ಕೇಬಲ್ ಕಟ್ ಆದ ಎಷ್ಟೋ ಸಲ ಫೋನ್ ಕರೆ ಕಡಿಯುವುದಿಲ್ಲ, ಎಟಿಎಂ ನಿಲ್ಲುವುದಿಲ್ಲ. ಇದರ ಹಿಂದೆ ಕಾಲು ಶತಮಾನದ ಎಂಜಿನಿಯರಿಂಗ್ ಇದೆ. ಅದರ ಹೆಚ್ಚಿನ ಪಾಲು ನಡೆದದ್ದು ಎಂಪಿಎಲ್‌ಎಸ್ ಎಂಬ ಲೇಬಲ್ ಜಾಲಗಳಲ್ಲಿ.

ಕತೆ ಶುರುವಾಗುವುದು ದೂರವಾಣಿ ಜಾಲದಿಂದ. ಎಸ್‌ಡಿಎಚ್ ಎಂಬ ದೂರವಾಣಿ ತಂತ್ರಜ್ಞಾನದ ಕಾಲದ ಫೈಬರ್ ಉಂಗುರಗಳಲ್ಲಿ ಒಂದು ಕಡೆ ತಂತಿ ಕಡಿದರೆ ಸಂಕೇತ ಉಂಗುರದ ಇನ್ನೊಂದು ಬದಿಗೆ ತಿರುಗಿಕೊಳ್ಳುತ್ತಿತ್ತು. 1,200 ಕಿಲೋಮೀಟರ್ ಒಳಗಿನ ಉಂಗುರಕ್ಕೆ ಈ ತಿರುವು 50 ಮಿಲಿಸೆಕೆಂಡಿನಲ್ಲಿ ಮುಗಿಯಬೇಕೆಂದು ಅಂತರರಾಷ್ಟ್ರೀಯ ಮಾನದಂಡವೇ ಇತ್ತು. ಇಂಟರ್‌ನೆಟ್‌ಗೆ ಆ ಶಿಸ್ತು ಇರಲಿಲ್ಲ. ರೂಟರ್‌ಗಳು ಬಳಸುವ ಒಎಸ್‌ಪಿಎಫ್ ನಿಯಮದಲ್ಲಿ ನೆರೆಯ ರೂಟರ್‌ಗೆ ಹತ್ತು ಸೆಕೆಂಡಿಗೊಮ್ಮೆ 'ಹಲೋ' ಹೇಳುವುದು, ನಲವತ್ತು ಸೆಕೆಂಡು ಉತ್ತರ ಬಾರದಿದ್ದರೆ ಸಂಪರ್ಕ ಹೋಯಿತೆಂದು ತೀರ್ಮಾನಿಸುವುದು ರೂಢಿಯ ಲೆಕ್ಕ. ನಲವತ್ತು ಸೆಕೆಂಡು ಮಾತು ನಿಂತರೆ ಯಾರು ಫೋನ್ ಹಿಡಿದುಕೊಂಡು ಕೂರುತ್ತಾರೆ?

ಲೇಬಲ್ ಕಲ್ಪನೆ ಹುಟ್ಟಿದ್ದು ಬೇರೆಯೇ ಕಾರಣಕ್ಕೆ. 1996ರ ಸುಮಾರಿಗೆ ಇಪ್ಸಿಲಾನ್ ಕಂಪನಿಯ ಐಪಿ ಸ್ವಿಚಿಂಗ್, ಸಿಸ್ಕೊದ ಟ್ಯಾಗ್ ಸ್ವಿಚಿಂಗ್ ಮೊದಲಾದವು ಪ್ಯಾಕೆಟ್‌ನ ಪೂರ್ತಿ ವಿಳಾಸ ಓದುವ ಬದಲು ಒಂದು ಚಿಕ್ಕ ಸಂಖ್ಯೆ ನೋಡಿ ಮುಂದೆ ಕಳಿಸುವ ಉಪಾಯ ತಂದವು. ಉದ್ದೇಶ ವೇಗ. ರೂಟರ್ ಚಿಪ್‌ಗಳು ಬಲಗೊಂಡ ಮೇಲೆ ಆ ಲಾಭ ಬೇಗ ಕರಗಿತು. ಉಳಿದದ್ದು ಅದಕ್ಕಿಂತ ದೊಡ್ಡದು: ದಟ್ಟಣೆಯನ್ನು ನಮಗೆ ಬೇಕಾದ ದಾರಿಯಲ್ಲಿ ಒಯ್ಯುವ ಸ್ವಾತಂತ್ರ್ಯ. 2001ರ ಜನವರಿಯಲ್ಲಿ ಎಂಪಿಎಲ್‌ಎಸ್ ರಚನೆಯನ್ನು ವಿವರಿಸುವ ಇಂಟರ್‌ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 3031 ಪ್ರಕಟವಾಯಿತು; ಅದೇ ಡಿಸೆಂಬರ್‌ನಲ್ಲಿ ಲೇಬಲ್ ದಾರಿಗಳನ್ನು ಮೊದಲೇ ಗೊತ್ತುಮಾಡಿ ಕಟ್ಟುವ ಆರ್‌ಎಸ್‌ವಿಪಿ-ಟಿಇ ಬಂತು. ಭಾರತದಲ್ಲಿ ಬಿಎಸ್‌ಎನ್‌ಎಲ್ 2005ರ ಹೊತ್ತಿಗೆ ತನ್ನ ಇಂಟರ್‌ನೆಟ್ ಬೆನ್ನೆಲುಬನ್ನು ಎಂಪಿಎಲ್‌ಎಸ್ ಮೇಲೆ ಕಟ್ಟಿತು. ಅದರ ಮುಖ್ಯ ನೋಡ್‌ಗಳಲ್ಲಿ ಬೆಂಗಳೂರೂ ಒಂದು.

ಬದಲಿ ದಾರಿಯನ್ನು ಎಲ್ಲಿಂದ ಹಿಡಿಯಬೇಕು? ಈ ಕ್ಷೇತ್ರದ ಮೊದಲ ದೊಡ್ಡ ಪ್ರಶ್ನೆ ಇದು. ದಾರಿಯ ತುದಿಯಿಂದ ತುದಿಗೆ ಇನ್ನೊಂದು ದಾರಿ ಕಟ್ಟಿಡುವುದು ಸರಳ ಉತ್ತರ. ಆದರೆ ಫೈಬರ್‌ನಲ್ಲಿ ಬೆಳಕಿಗೆ ಕಿಲೋಮೀಟರಿಗೆ ಸುಮಾರು ಐದು ಮೈಕ್ರೊಸೆಕೆಂಡು ಬೇಕು. ದೆಹಲಿಯಿಂದ ಬೆಂಗಳೂರಿಗೆ ಬರುವ ದಾರಿ ಬಿಟಿಎಂ ಹತ್ತಿರ ಕಡಿದರೆ, ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದೂರಕ್ಕೆ ಸುದ್ದಿ ಮುಟ್ಟುವುದಕ್ಕೇ ಹತ್ತು ಮಿಲಿಸೆಕೆಂಡು ಹೋಗುತ್ತದೆ. ನಡುವಿನ ಪ್ರತಿ ರೂಟರ್ ತೆಗೆದುಕೊಳ್ಳುವ ಸಮಯ ಬೇರೆ. ಅಷ್ಟರಲ್ಲಿ ದಾರಿಯಲ್ಲಿರುವ ಪ್ಯಾಕೆಟ್‌ಗಳೆಲ್ಲ ಹಾಳು. ಕಡಿದ ಜಾಗದ ಪಕ್ಕದ ರೂಟರೇ ಯಾರನ್ನೂ ಕೇಳದೆ ತಿರುಗಿಸಬೇಕೆಂಬ ವಿಚಾರ ಗೆದ್ದದ್ದು ಹೀಗೆ. ಪಿಂಗ್ ಪ್ಯಾನ್, ಜಾರ್ಜ್ ಸ್ವಾಲೊ, ಆಲಿಯಾ ಅಟ್ಲಾಸ್ ಸಂಪಾದಿಸಿದ ಆರ್‌ಎಫ್‌ಸಿ 4090 ಅದನ್ನು 2005ರಲ್ಲಿ ವಿಧಿಯಾಗಿಸಿತು. ಹೆಸರು ಫಾಸ್ಟ್ ರೀರೂಟ್.

ಅದು ನಡೆಯುವ ರೀತಿಯನ್ನು ನಮ್ಮ ಬಡಾವಣೆಗಳಲ್ಲೇ ಇಟ್ಟು ನೋಡೋಣ. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ — ನಾಲ್ಕು ರೂಟರ್‌ಗಳ ಒಂದು ಉಂಗುರ ಎಂದುಕೊಳ್ಳಿ. ಜಯನಗರದಿಂದ ನೇರ ಬಿಟಿಎಂಗೆ ಹೋಗುವ ಪ್ಯಾಕೆಟ್ ಮೇಲೆ 31 ಎಂಬ ಲೇಬಲ್ ಇದೆ; ಅದು ಬಿಟಿಎಂ ಗುರುತಿಸುವ ಸಂಖ್ಯೆ. ಉಂಗುರದ ಇನ್ನೊಂದು ಬದಿಯಲ್ಲಿ ಬನಶಂಕರಿ, ಜೆ.ಪಿ. ನಗರದ ಮೂಲಕ ಬಿಟಿಎಂ ಸೇರುವ ಬೈಪಾಸ್ ಸುರಂಗವನ್ನು ಮೊದಲೇ ಕಟ್ಟಿಟ್ಟಿರುತ್ತಾರೆ. ನೇರ ಸಂಪರ್ಕ ಕಡಿದ ಕೂಡಲೇ ಜಯನಗರದ ರೂಟರ್ 31ರ ಮೇಲೆ 70 ಎಂಬ ಇನ್ನೊಂದು ಲೇಬಲ್ ಹಾಕಿ ಬನಶಂಕರಿಗೆ ಕಳಿಸುತ್ತದೆ. ಕವರ್‌ನೊಳಗೆ ಕವರ್ ಇಟ್ಟ ಹಾಗೆ. ಬನಶಂಕರಿ 70ನ್ನು 84 ಮಾಡುತ್ತದೆ, ಜೆ.ಪಿ. ನಗರ ಹೊರಗಿನ ಲೇಬಲ್ ಕಳಚುತ್ತದೆ, ಬಿಟಿಎಂಗೆ ತಾನು ಕಾಯುತ್ತಿದ್ದ 31 ಸಿಗುತ್ತದೆ. ಒಳಗೆ ಎಷ್ಟು ಸಾವಿರ ದಾರಿಗಳಿದ್ದರೂ ಒಂದೇ ಬೈಪಾಸ್ ಅಷ್ಟನ್ನೂ ಕಾಯಬಲ್ಲದು. ಇಡೀ ವಿಧಾನದಲ್ಲಿ ನನಗೆ ತುಂಬ ಸುಂದರವಾಗಿ ಕಾಣುವುದು ಇದೇ.

ಬದಲಿ ದಾರಿಗೆ ಮೀಸಲಿಟ್ಟ ಬ್ಯಾಂಡ್‌ವಿಡ್ತ್ ದಂಡವಾಗದೆ? ಎರಡು ಮುಖ್ಯ ದಾರಿಗಳು ಒಟ್ಟಿಗೆ ಕೆಡುವುದು ಅಪರೂಪ; ಹಾಗಾದರೆ ಅವುಗಳ ಬದಲಿ ದಾರಿಗಳು ಒಂದೇ ಮೀಸಲನ್ನು ಹಂಚಿಕೊಳ್ಳಬಹುದು. ಇದನ್ನು ಲೆಕ್ಕಕ್ಕೆ ಇಳಿಸಿದವರಲ್ಲಿ ಬೆಲ್ ಲ್ಯಾಬ್ಸ್‌ನ ಮುರಳಿ ಕೋಡಿಯಾಲಂ ಮತ್ತು ಟಿ.ವಿ. ಲಕ್ಷ್ಮಣ್ ಮುಖ್ಯರು. ಅವರ ಪ್ರಬಂಧ ಬಂದದ್ದು 2000ದಲ್ಲಿ. ಲಕ್ಷ್ಮಣ್ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತಶಾಸ್ತ್ರ ಓದಿದವರು.

ಮುಂದಿನ ಘಟ್ಟದಲ್ಲಿ ಬೈಪಾಸ್‌ಗಳನ್ನು ಕಟ್ಟಿ ಕಾಯುವ ಹೊರೆಯನ್ನೇ ಇಳಿಸುವ ಪ್ರಯತ್ನ ನಡೆಯಿತು. 2008ರ ಎಲ್‌ಎಫ್‌ಎ ವಿಧಾನದಲ್ಲಿ ರೂಟರ್ ಸುಮ್ಮನೆ ಇನ್ನೊಬ್ಬ ನೆರೆಯವನಿಗೆ ಪ್ಯಾಕೆಟ್ ಕೊಡುತ್ತದೆ, ಅವನು ಅದನ್ನು ಹಿಂದಕ್ಕೆ ಕಳಿಸುವುದಿಲ್ಲವೆಂಬ ಖಾತ್ರಿಯಿದ್ದರೆ ಮಾತ್ರ. ಉಂಗುರದಲ್ಲಿ ಈ ಖಾತ್ರಿ ಎಷ್ಟೋ ಸಲ ಸಿಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಬನಶಂಕರಿಗೆ ಬಿಟಿಎಂ ಎರಡೂ ಕಡೆಯಿಂದ ಎರಡೇ ಹೆಜ್ಜೆ. ಅದು ಪ್ಯಾಕೆಟ್ಟನ್ನು ಮತ್ತೆ ಜಯನಗರಕ್ಕೇ ಕಳಿಸಿಬಿಡಬಹುದು. ಊರೊಳಗಿನ ಜಾಲಗಳು ಹೆಚ್ಚಾಗಿ ಉಂಗುರಗಳೇ ಆದ್ದರಿಂದ ಇದು ಸಣ್ಣ ಕೊರತೆಯಲ್ಲ. 2015ರ ರಿಮೋಟ್ ಎಲ್‌ಎಫ್‌ಎ ಜೆ.ಪಿ. ನಗರದವರೆಗೆ ಸುರಂಗ ಹಾಕಿ ಅಲ್ಲಿಂದ ಬಿಡುವ ಉಪಾಯ ಕೊಟ್ಟಿತು. ಸಂಪರ್ಕದ ಜತೆಗೆ ನೆರೆಯ ರೂಟರೇ ಸತ್ತರೂ ಈ ಸುರಂಗ ಉಳಿಯಬೇಕೆಂದು ಅದನ್ನು ವಿಸ್ತರಿಸಿದ 2017ರ ಆರ್‌ಎಫ್‌ಸಿ 8102ರ ಲೇಖಕರಲ್ಲಿ ಪುಷ್ಪಾಸಿಸ್ ಸರ್ಕಾರ್, ಮತ್ತು ಬೆಂಗಳೂರಿನ ಜೂನಿಪರ್ ಕಚೇರಿಯ ಶ್ರದ್ಧಾ ಹೆಗ್ಡೆ ಇದ್ದಾರೆ. ಈಗ ಸೆಗ್ಮೆಂಟ್ ರೂಟಿಂಗ್ ಮೇಲೆ ನಿಂತ ಟಿಐ-ಎಲ್‌ಎಫ್‌ಎ ಯಾವ ಆಕಾರದ ಜಾಲದಲ್ಲೂ, ಎಲ್ಲಾದರೂ ಒಂದು ದಾರಿ ಉಳಿದಿದ್ದರೆ ಸಾಕು, ಅದನ್ನು ಲೇಬಲ್‌ಗಳ ಪಟ್ಟಿಯಾಗಿ ಪ್ಯಾಕೆಟ್ ಮೇಲೇ ಬರೆದು ಕಳಿಸುತ್ತದೆ.

ಕಡಿದದ್ದು ತಿಳಿಯುವುದೂ ಸುಲಭವಲ್ಲ. ಸ್ವಂತ ಫೈಬರ್ ಆದರೆ ಬೆಳಕು ಆರಿದ ಕ್ಷಣವೇ ಗೊತ್ತಾಗುತ್ತದೆ. ಬೇರೆಯವರಿಂದ ಬಾಡಿಗೆಗೆ ಪಡೆದ ಲಿಂಕ್‌ನಲ್ಲಿ ನಡುವೆ ಎಲ್ಲೋ ಕಡಿದರೂ ನಮ್ಮ ಪೆಟ್ಟಿಗೆಗೆ ಬೆಳಕು ಬರುತ್ತಲೇ ಇರುತ್ತದೆ. ಆಗ ಎರಡು ತುದಿಯ ರೂಟರ್‌ಗಳು ಪರಸ್ಪರ ಕಳಿಸುತ್ತಲೇ ಇರುವ ಬಿಎಫ್‌ಡಿ ಸಂದೇಶಗಳ ಮೇಲೆ ನಂಬಿಕೆ. ಅವು 50 ಮಿಲಿಸೆಕೆಂಡಿಗೊಮ್ಮೆ ಬಂದು, ಮೂರು ತಪ್ಪಿದರೆ ಕಡಿತವೆಂದು ಗೊತ್ತುಮಾಡಿದ್ದರೆ, ಪತ್ತೆಗೇ 150 ಮಿಲಿಸೆಕೆಂಡು ಬೇಕು.

ಇಷ್ಟೆಲ್ಲ ಆದ ಮೇಲೆ ಬಗೆಹರಿಯದೆ ಉಳಿದಿರುವುದು ಮಣ್ಣಿನೊಳಗಿನ ಪ್ರಶ್ನೆ. 2001ರ ಜುಲೈ 18ರಂದು ಅಮೆರಿಕದ ಬಾಲ್ಟಿಮೋರ್‌ನ ಹೋವರ್ಡ್ ಸ್ಟ್ರೀಟ್ ರೈಲು ಸುರಂಗದಲ್ಲಿ ಗೂಡ್ಸ್ ರೈಲು ಹಳಿ ತಪ್ಪಿ ಹೊತ್ತಿಕೊಂಡಾಗ, ಅದೇ ಸುರಂಗದಲ್ಲಿದ್ದ ಹಲವು ಕಂಪನಿಗಳ ಫೈಬರ್ ಒಟ್ಟಿಗೆ ಸುಟ್ಟಿತು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಸಮುದ್ರ ಕೇಬಲ್‌ಗಳು ಕಡಿದು ಭಾರತದ ಇಂಟರ್‌ನೆಟ್ ತತ್ತರಿಸಿತು. ನಮ್ಮ ಉಂಗುರದಲ್ಲೂ ಅಷ್ಟೇ. ಜಯನಗರ–ಬಿಟಿಎಂ ಫೈಬರ್ ಮತ್ತು ಜೆ.ಪಿ. ನಗರ–ಬಿಟಿಎಂ ಫೈಬರ್ ಎರಡೂ ಜಯದೇವ ಜಂಕ್ಷನ್ನಿನಲ್ಲಿ ಒಂದೇ ಗುಂಡಿಯಲ್ಲಿ ಹಾದಿದ್ದರೆ, ಜೆಸಿಬಿಯ ಒಂದೇ ಏಟಿಗೆ ಮುಖ್ಯ ದಾರಿಯೂ ಬದಲಿ ದಾರಿಯೂ ಹೋಗುತ್ತವೆ. ಯಾವ ಆರ್‌ಎಫ್‌ಸಿಯೂ ಆಗ ಕಾಪಾಡದು.

ಇದಕ್ಕೆಂದೇ ಒಂದೇ ಅಪಾಯ ಹಂಚಿಕೊಂಡ ಸಂಪರ್ಕಗಳಿಗೆ ಒಂದೇ ಗುಂಪಿನ ಸಂಖ್ಯೆ ಕೊಡುವ ಎಸ್‌ಆರ್‌ಎಲ್‌ಜಿ ಪದ್ಧತಿ 2005ರಿಂದಲೇ ಮಾನದಂಡದಲ್ಲಿದೆ. ಗಣಿತ ಇಲ್ಲಿ ಕಠಿಣವಾಗುತ್ತದೆ. ಒಂದೂ ಸಂಪರ್ಕ ಹಂಚಿಕೊಳ್ಳದ ಎರಡು ದಾರಿ ಹುಡುಕುವುದನ್ನು ಸುರ್ಬಾಲ್ 1974ರಲ್ಲೇ ಸುಲಭ ಮಾಡಿಕೊಟ್ಟರು. ಒಂದೂ ಅಪಾಯ ಹಂಚಿಕೊಳ್ಳದ ಎರಡು ದಾರಿ ಹುಡುಕುವುದು ದೊಡ್ಡ ಜಾಲಗಳಲ್ಲಿ ಕಂಪ್ಯೂಟರಿಗೂ ಕಷ್ಟದ ಲೆಕ್ಕ. ಅದಕ್ಕಿಂತ ಕಷ್ಟ ಮಾಹಿತಿಯದು. ಆ ಸಂಖ್ಯೆಗಳನ್ನು ತುಂಬುವವರು ಮನುಷ್ಯರು. ಎರಡು ವರ್ಷದ ಹಿಂದೆ ಕೇಬಲ್ ಎಲ್ಲಿಗೆ ಸರಿಯಿತೆಂದು ನಕ್ಷೆಯಲ್ಲಿ ಬರೆದಿರದಿದ್ದರೆ ರೂಟರ್‌ಗೆ ಅದು ಹೇಗೆ ತಿಳಿದೀತು? ಅಗೆಯುವ ಮುನ್ನ ಕೇಬಲ್ ಮಾಲೀಕರಿಗೆ ತಿಳಿಸುವ ಕಾಲ್ ಬಿಫೋರ್ ಯು ಡಿಗ್ ಆ್ಯಪ್ 2023ರ ಮಾರ್ಚ್‌ನಲ್ಲಿ ಬಂದಿದೆ. ಗುತ್ತಿಗೆದಾರರು ಅದನ್ನು ಪ್ರತಿ ಗುಂಡಿಗೂ ಬಳಸುವಂತೆ ಮಾಡುವುದು ನಗರಾಡಳಿತದ ಕೆಲಸ. ಪ್ರೊಟೊಕಾಲ್ ಬರೆಯುವವರ ಪಾಲಿನ ಕೆಲಸ ಬಹುಮಟ್ಟಿಗೆ ಮುಗಿದಿದೆ ಎಂದೇ ನನ್ನ ಅಭಿಪ್ರಾಯ.

ಈ ಭಾಗದಲ್ಲಿ ಆಸ್ಪತ್ರೆ, ಬ್ಯಾಂಕ್ ಶಾಖೆ, ಕಚೇರಿ ನಡೆಸುವವರು ಎರಡನೇ ಲಿಂಕ್ ತೆಗೆದುಕೊಳ್ಳುವಾಗ ಬೇರೆ ಕಂಪನಿಯದು ಎಂಬ ಮಾತ್ರಕ್ಕೆ ಸಮಾಧಾನ ಪಡಬೇಡಿ. ಎರಡೂ ಕಂಪನಿಗಳಿಂದ ಮಾರ್ಗದ ನಕ್ಷೆ ಇರುವ ಕೆಎಂಝಡ್ ಫೈಲ್ ಕೇಳಿ, ಒಂದರ ಮೇಲೊಂದು ಇಟ್ಟು ನೋಡಿ, ಎರಡು ಗೆರೆ ಒಂದೇ ರಸ್ತೆಯಲ್ಲಿ ಕೂಡಿದರೆ ಸಹಿ ಹಾಕುವ ಮೊದಲೇ ಬೇರೆ ಮಾರ್ಗ ಕೇಳಿ ಪಡೆಯಿರಿ.